ಪದಚರ್ಚೆ: 'ಗಣನೀಯ ವ್ಯತ್ಯಾಸ' ಅಂದರೆ ದೊಡ್ಡ ವ್ಯತ್ಯಾಸವೇ?

ಎಲ್ಲರಿಗೂ ನಮಸ್ಕಾರ. ಇಲ್ಲಿ ಶಿವಮೊಗ್ಗದಲ್ಲಿ ಬಿ.ಎಡ್. ಓದುವವರಿಗಾಗಿ ಮನೋವಿಜ್ಞಾನದ ಕನ್ನಡ ನೋಟ್ಸ್ ತಿದ್ದುತ್ತಿದ್ದೇನೆ. ಅದರಲ್ಲಿ ಒಂದು ವಾಕ್ಯ ಹೀಗಿದೆ: 'ಗಣಿತದಲ್ಲಿ ಹುಡುಗ ಹುಡುಗಿಯರ ನಡುವೆ ಗಣನೀಯ ವ್ಯತ್ಯಾಸ ಕಂಡುಬಂದಿದೆ.' ಓದಿದವರು ಭಾರಿ ಅಂತರ ಇದೆ ಅಂದುಕೊಳ್ಳುತ್ತಾರೆ, ಅಲ್ವಾ?

ಇಂಗ್ಲಿಷ್ ಮೂಲದಲ್ಲಿರುವುದು 'ಸಿಗ್ನಿಫಿಕೆಂಟ್'. ಸಂಖ್ಯಾಶಾಸ್ತ್ರದಲ್ಲಿ ಅದರ ಅರ್ಥ ಬೇರೆ. ನಿಜಕ್ಕೂ ಅಂತರವೇ ಇಲ್ಲದಿದ್ದರೆ ಇಂಥ ಫಲಿತಾಂಶ ಸುಮ್ನೆ ಅದೃಷ್ಟದಿಂದ ಸಿಗುವುದು ಅಪರೂಪ, ಅಷ್ಟೇ. ಅಂತರ ಎಷ್ಟು ಅಂತ ಅದು ಹೇಳುವುದಿಲ್ಲ. ಪರೀಕ್ಷೆ ಬರೆದವರು ಜಾಸ್ತಿ ಇದ್ದರೆ ಅರ್ಧ ಅಂಕದ ಅಂತರವೂ ಸಿಗ್ನಿಫಿಕೆಂಟ್ ಆಗಬಹುದು.

ಹಿಂದೆ ಅಧ್ಯಯನಗಳನ್ನು ಒಟ್ಟು ಮಾಡುವಾಗ ಎಷ್ಟು ಕಡೆ ಸಿಗ್ನಿಫಿಕೆಂಟ್ ಬಂತು, ಎಷ್ಟು ಕಡೆ ಬರಲಿಲ್ಲ ಎಂದು ಎಣಿಸುತ್ತಿದ್ದರು. 1976ರಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಜೀನ್ ಗ್ಲಾಸ್ 'ಮೆಟಾ ಅನಾಲಿಸಿಸ್' ಎಂಬ ಹೆಸರಿಟ್ಟು ಬೇರೆ ದಾರಿ ತೋರಿಸಿದರು. ಎರಡು ಗುಂಪಿನ ಸರಾಸರಿಗಳ ಅಂತರವನ್ನು ಅಂಕಗಳ ಹರವಿನಿಂದ (ಸ್ಟ್ಯಾಂಡರ್ಡ್ ಡೀವಿಯೇಶನ್) ಭಾಗಿಸುವುದು. ಬರುವ ಸಂಖ್ಯೆಯೇ 'ಎಫೆಕ್ಟ್ ಸೈಜ್'. ಅದನ್ನು ಎಲ್ಲ ಅಧ್ಯಯನಗಳಿಂದ ತೆಗೆದು ಸರಾಸರಿ ನೋಡುವುದು. 0.2 ಇದ್ದರೆ ಚಿಕ್ಕದು, 0.8 ಇದ್ದರೆ ದೊಡ್ಡದು ಎಂಬುದು ಮನೋವಿಜ್ಞಾನಿ ಜೇಕಬ್ ಕೋಹೆನ್ ಹಾಕಿಕೊಟ್ಟ ಅಂದಾಜು.

1990ರಲ್ಲಿ ಮನೋವಿಜ್ಞಾನಿ ಜ್ಯಾನೆಟ್ ಹೈಡ್ ಮತ್ತು ಸಂಗಡಿಗರು ಗಣಿತದ 100 ಅಧ್ಯಯನಗಳನ್ನು ಹೀಗೆ ಸೇರಿಸಿದರು. ಒಟ್ಟು 30 ಲಕ್ಷಕ್ಕೂ ಹೆಚ್ಚು ಜನ. ಸಾಮಾನ್ಯ ಜನರ ಮಾದರಿಗಳಲ್ಲಿ ಸಿಕ್ಕ ಅಂತರ 0.05, ಅದೂ ಹುಡುಗಿಯರ ಪರವಾಗಿ! ಹಾಗಂತ ಎಲ್ಲ ಕಡೆ ಅಂತರ ಸೊನ್ನೆ ಅಂತಲ್ಲ. ಆಕೃತಿಯನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವ ಪರೀಕ್ಷೆಗಳಲ್ಲಿ ಗಂಡಸರ ಪರವಾಗಿ 0.73 ಬಂದಿತ್ತು (ಲಿನ್ ಮತ್ತು ಪೀಟರ್ಸನ್, 1985). ಎಲ್ಲ ಬಗೆಯ ಪರೀಕ್ಷೆಗಳನ್ನೂ ಒಟ್ಟಿಗೆ ಸುರಿದರೆ ಅಡಿಕೆಯ ರಾಶಿ, ಬೆಟ್ಟೆ, ಗೊರಬಲು ಎಂಬ ಮೂರು ಬಗೆಗಳನ್ನೂ ಒಂದೇ ಚೀಲಕ್ಕೆ ತುಂಬಿ ರೇಟು ಕೇಳಿದ ಹಾಗಾಗುತ್ತದೆ.

ಈಗ ನನ್ನ ತೊಡಕು. 'ಗಣನೀಯ'ವನ್ನು ತೆಗೆಯಲೇಬೇಕು. 'ಸಾರ್ಥಕ' ಹಾಕಿದರೆ ಜನ್ಮ ಸಾರ್ಥಕವಾದ ಹಾಗೆ ಕೇಳಿಸುತ್ತದೆ. ಎಫೆಕ್ಟ್ ಸೈಜ್‌ಗೆ 'ಪರಿಣಾಮದ ಗಾತ್ರ' ಅನ್ನುವುದೂ ನನಗೆ ಒಗ್ಗುತ್ತಿಲ್ಲ. ಹುಡುಗಿಯಾಗಿರುವುದರ ಪರಿಣಾಮವೇ ಅಂಕ ಅನ್ನುವ ಧ್ವನಿ ಬರುತ್ತದೆ. ಈ ಲೆಕ್ಕ ಕಾರಣ ಹೇಳುವುದಿಲ್ಲವಲ್ಲ. 'ಅಂತರದ ಅಳತೆ' ಅಂದರೆ ಸಾಕೇ? ಮೆಟಾ ಅನಾಲಿಸಿಸ್ ಹಾಗೇ ಇರಲಿ ಅನ್ನಿಸುತ್ತಿದೆ, ಅದಕ್ಕೆ ಜಗಳವಿಲ್ಲ. ಸಿಗ್ನಿಫಿಕೆಂಟ್‌ಗೆ ಮಾತ್ರ ಪಾಠ ಮಾಡುವವರು ತರಗತಿಯಲ್ಲಿ ಏನನ್ನುತ್ತೀರಿ, ದಯವಿಟ್ಟು ತಿಳಿಸಿ.