ಅಪ್‌ಡೇಟ್: ನಮ್ಮೂರ ಹತ್ರದ ಹೊಸ ಸ್ಪಾಂಜ್ ಐರನ್ ಫ್ಯಾಕ್ಟರಿ ಪರ್ಮಿಷನ್

ಹೋದ ತಿಂಗಳು ಕೇಳಿದ್ನಲ್ಲ, ಕೊಪ್ಪಳ ಕಡೆ ನಮ್ಮೂರಲ್ಲಿ ಈಗಾಗ್ಲೇ ಮಾಳಿಗೆ ಮೇಲೆಲ್ಲ ಕರಿ ಧೂಳು, ಮತ್ತೊಂದು ಫ್ಯಾಕ್ಟರಿಗೆ (ಅದಿರಿನಿಂದ ಸ್ಪಾಂಜ್ ಐರನ್ ಅನ್ನೋ ಕಬ್ಬಿಣ ಮಾಡೋದು) ಹೆಂಗೆ ಪರ್ಮಿಷನ್ ಕೊಡ್ತಾರೆ ಅಂತ. ಉತ್ತರ ಕೊಟ್ಟೋರಿಗೆಲ್ಲ ತುಂಬಾ ಥ್ಯಾಂಕ್ಸ್.

ನೀವು ಹೇಳ್ದಂಗೆ ಇಐಎ ರಿಪೋರ್ಟ್ (ಫ್ಯಾಕ್ಟರಿ ಬಂದ್ರೆ ಪರಿಸರಕ್ಕೆ ಏನಾಗುತ್ತೆ ಅನ್ನೋ ಅಧ್ಯಯನದ ವರದಿ) ತಂದು ಕೂತು ಓದ್ದೆ. ಲೆಕ್ಕ ಇಷ್ಟೇ, ಈಗಿರೋ ಧೂಳನ್ನ ಮಳೆಗಾಲ ಬಿಟ್ಟು ಒಂದು ಸೀಸನ್ ಅಳೀತಾರೆ, ಅದಕ್ಕೆ ಹೊಸ ಚಿಮಣಿಯಿಂದ ಎಷ್ಟು ಸೇರುತ್ತೆ ಅಂತ ಗಾಳಿ ದಿಕ್ಕು, ಚಿಮಣಿ ಎತ್ತರ ಹಾಕಿ ಕಂಪ್ಯೂಟರ್ ಮಾಡೆಲ್‌ನಲ್ಲಿ ತೆಗೀತಾರೆ, ಎರಡೂ ಕೂಡಿ 2009ರ ರಾಷ್ಟ್ರೀಯ ಮಿತಿಯೊಳಗೆ ಬರ್ಬೇಕು. ಪಿಎಂ10 ಅನ್ನೋ ಸಣ್ಣ ಧೂಳಿಗೆ ಒಂದು ಘನ ಮೀಟರ್ ಗಾಳೀಲಿ 24 ಗಂಟೆ ಸರಾಸರಿ 100 ಮೈಕ್ರೋಗ್ರಾಂ, ಇನ್ನೂ ಸಣ್ಣ ಧೂಳು ಪಿಎಂ2.5ಗೆ 60. ಅಂದ್ರೆ ಮೊದಲ ಅಳತೆ ಕಮ್ಮಿ ಬಂದ್ರೆ ಎಲ್ಲಾನೂ ಸಲೀಸು! ಅಳೆಯೋ ಮೆಷಿನ್ ಇಟ್ಟಿದ್ದು ಈಗಿರೋ ಫ್ಯಾಕ್ಟರಿಗಳ ಧೂಳು ಹೋಗದೇ ಇರೋ ಕಡೆ, ಗಾಳಿ ಬೀಸೋ ನಮ್ಮ ಓಣಿ ಕಡೆ ಒಂದೂ ಇಲ್ಲ. ಇದು ನೋಡಿ ಹೊಟ್ಟೆ ಉರೀತು.

ಪಬ್ಲಿಕ್ ಹಿಯರಿಂಗ್‌ಗೆ (ಅನುಮತಿಗೆ ಮುಂಚೆ ಊರವರ ಅಭಿಪ್ರಾಯ ಕೇಳೋ ಸಭೆ) ಅವ್ವ ಹಪ್ಪಳ ಒಣಗಿಸೋ ಬಿಳಿ ಪಂಚೆ ತಗೊಂಡೋದೆ, ಬೆಳಿಗ್ಗೆ ಹಾಸಿದ್ದು ಸಂಜೆಗೆ ಬೂದಿ ಬಣ್ಣ, ಬೆರಳಲ್ಲಿ ಗೆರೆ ಎಳೆದ್ರೆ ಕಾಣ್ಸುತ್ತೆ. ಎಲ್ಲರೂ ಸುಮ್ನೆ ನೋಡಿದ್ರು. ನಮ್ಮ ಓಣೀಲೂ ಅಳೀರಿ ಅಂತ ಬರೆದು ಕೊಟ್ಟು ಸ್ವೀಕೃತಿ ತಗೊಂಡಿದೀನಿ, ಮಾತಾಡಿದ್ದೆಲ್ಲ ನಡಾವಳಿಲಿ ಬರೆದು ಪರಿಸರ ಅನುಮತಿ ಅರ್ಜಿ ನೋಡೋ ಪರಿಣತರ ಸಮಿತಿಗೆ ಕಳಿಸ್ಲೇಬೇಕಂತೆ.

ಪರಿಸರ ಅನುಮತಿ ಬರೋವರ್ಗೂ ಪಾಯ ಕೂಡ ತೋಡಂಗಿಲ್ಲ. ಅದಕ್ಕೆ ಹುಡುಗ್ರು ದಿನಾ ಒಂದ್ಸಲ ಆ ಜಾಗಕ್ಕೆ ಹೋಗಿ ಡೇಟ್ ಸಮೇತ ಫೋಟೋ ತೆಗೀತಿದಾರೆ.