ಲೇಸರ್ ಕಟಿಂಗ್: ಯಂತ್ರ ಕೊಳ್ಳುವುದೋ, ಹೊರಗೆ ಕೊಡುವುದೋ?

ಪ್ರಶ್ನೆ: ನಾವು ಪ್ಯಾನೆಲ್ ಪೆಟ್ಟಿಗೆ ತಯಾರಿಸುತ್ತೇವೆ. 2 ಮಿ.ಮೀ. ಲೋಹದ ಶೀಟ್ ಹೊರಗೆ ಕೊಟ್ಟು ಕತ್ತರಿಸಿಕೊಂಡು ತರುತ್ತೇವೆ. ಕಳೆದ ವಾರ ಒಂದು ರಂಧ್ರ ತಪ್ಪಿ ಇಡೀ ಲಾಟ್ ಐದು ದಿನ ನಿಂತಿತು. ರೋಸಿಹೋಗಿದೆ. ಫೈಬರ್ ಲೇಸರ್ (ಲೋಹ ಕತ್ತರಿಸುವ ಲೇಸರ್ ಯಂತ್ರ) ಕೊಂಡುಬಿಡಲೇ?

ಉತ್ತರ: ನಾನು ಕೋಪದಲ್ಲೇ ಕೊಂಡವನು. ಯಂತ್ರದ ಬೆಲೆಯಷ್ಟೇ ನೋಡಿದ್ದೆ. ಲೇಸರ್ ತಂಪಾಗಿಡುವ ಚಿಲ್ಲರ್, ಕಂಪ್ರೆಸರ್, ಹೊಗೆ ಹೀರುವ ವ್ಯವಸ್ಥೆ ಆಮೇಲೆ ಒಂದೊಂದಾಗಿ ಬಾಗಿಲು ತಟ್ಟಿದವು. ಸ್ಟೇನ್‌ಲೆಸ್ ಸ್ಟೀಲಿನ ಅಂಚು ಹೊಳೆಯಬೇಕೆಂದರೆ ಕತ್ತರಿಸುವಾಗ ನೈಟ್ರೋಜನ್ ಅನಿಲ ಊದಬೇಕು. ಸಿಲಿಂಡರ್ ನೋಡನೋಡುತ್ತಲೇ ಖಾಲಿ. ಲೆನ್ಸ್ ಕಾಯುವ ಗಾಜಿನ ಮೇಲೆ ಸಾಸಿವೆಯಷ್ಟು ಕಲೆ ಕೂತರೂ ಅಂಚು ಗರಗಸದಂತಾಗುತ್ತದೆ. ತಿಂಗಳಿಗೆ ಎಷ್ಟು ಗಂಟೆ ಕೆಲಸವಿದೆ?

ಇನ್ನೊಂದು ಉತ್ತರ: ರಂಧ್ರ ತಪ್ಪಿದ್ದು ಅವರಿಂದಲೋ, ನಿಮ್ಮ ಡ್ರಾಯಿಂಗ್‌ನಿಂದಲೋ?

ಪ್ರಶ್ನಿಸಿದವರು: ಕೂಡಿಸಿದೆ, ತಿಂಗಳಿಗೆ 30 ಗಂಟೆಯೂ ಇಲ್ಲ. ಡ್ರಾಯಿಂಗ್... ಹಳೆಯದನ್ನು ಕಳುಹಿಸಿದ್ದು ನಾನೇ. ಸದ್ಯಕ್ಕೆ ಇನ್ನೊಬ್ಬ ಕಟಿಂಗ್‌ನವರನ್ನು ಗೊತ್ತುಮಾಡಿಕೊಳ್ಳುತ್ತೇನೆ.