ಮಂಡಈಯ ಇರಕಲ್, ಕೊರೆಗಾಂವ್ ಪಾರ್ಕಿನ ಇರಕಲ್

ಹಿಂಜೆವಾಡಿ ಫೇಸ್ 3:
ನಮ್ಮ ಇಳಕಲ್ ಸೀರೆ ಪುಣೆಗೆ ಬಂದರೆ ಇರಕಲ್. ಇಲ್ಲಿನ ತರಕಾರಿ ಮಾರುಕಟ್ಟೆ ಮಂಡಈಯಲ್ಲಿ ಸೊಪ್ಪು ಮಾರುವ ಅಜ್ಜಿ ಉಟ್ಟರೆ ಅದು ಹಳ್ಳಿ ಸೀರೆ. ಅದನ್ನೇ ತೋಳಿಲ್ಲದ ರವಿಕೆ, ಕಪ್ಪು ಬೆಳ್ಳಿ ಸರದ ಜೊತೆ ಉಟ್ಟು ಸಿರಿವಂತರ ಬಡಾವಣೆ ಕೊರೆಗಾಂವ್ ಪಾರ್ಕಿನ ಪ್ರದರ್ಶನಕ್ಕೆ ಹೋದರೆ ‘ಏನು ಟೇಸ್ಟು ಇವರದ್ದು!’ ಗುಳೇದಗುಡ್ಡದ ಖಣದ ಗತಿಯೂ ಇದೇ. ಕುಪ್ಪಸದ ಬಟ್ಟೆ ಈಗ ಡೈರಿ ರಟ್ಟಿಗೆ, ಲ್ಯಾಂಪ್ ಶೇಡಿಗೆ ಹತ್ತಿದೆ. ನಾನು ಹೇಳೋದಿಷ್ಟೇ: ಅಭಿರುಚಿ ಗಿಭಿರುಚಿ ಎಲ್ಲ ಸುಳ್ಳು, ಇರೋದು ದುಡ್ಡೊಂದೇ. ಒಪ್ಪದವರು ವಾದಿಸಿ.

ಮಗ್ಗದಮನಿ:
‘ಅದನ್ನೇ’ ಅಂದ್ರಲ್ಲ, ತಪ್ಪಿರೋದು ಅಲ್ಲೇ ನೋಡ್ರಿ. ಬಹಳ ಸಲ ಅವೆರಡೂ ಒಂದೇ ಸೀರಿ ಅಲ್ಲ. ಖರೇ ಇಳಕಲ್ ಸೀರಿ ಗುರ್ತು ಟೋಪ್ ತೆನಿ. ಸೆರಗಿನ ಹಾಸು (ಮಗ್ಗದ ಉದ್ದೆಳಿ) ಬ್ಯಾರೆ, ಒಡಲಿನ ಹಾಸು ಬ್ಯಾರೆ. ಎರಡರ ಎಳಿಗಳನ್ನ ಒಂದಕ್ಕೊಂದು ಕುಣಿಕಿ ಹಾಕಿ ಜೋಡಸ್ತಾರ. ಹಿಂಗಾಗಿ ಥಾನು ನೇಯ್ದಂಗ ನೇಯ್ಕೊಂತ ಹೋಗಿ ಕತ್ತರಸಾಕ ಬರಂಗಿಲ್ಲ. 6 ಗಜ, 8 ಗಜ, 9 ಗಜ, ಯಾವ್ದು ಬೇಕೋ ಅಷ್ಟಕ್ಕ ಹಾಸು ಮಾಡ್ಕೋಬೇಕು.

ಅಂಗಡಿಯೊಳಗ ಸೆರಗು ಒಡಲು ಕೂಡೋ ಜಾಗ ಹಿಂದಮುಂದ ಮಾಡಿ ಬೆಳಕಿಗೆ ಹಿಡೀರಿ. ಕುಣಿಕಿ ಸಾಲು ಅಡ್ಡಗೆರಿ ಹಂಗ ಕಾಣ್ತೈತಿ. ಒಡಲಿನ ಎಳಿನೇ ಸೀದಾ ಸೆರಗಿನೊಳಗ ನಡದಿತ್ತಂದ್ರ ಅದು ಬಹುತೇಕ ಪವರ್‌ಲೂಮ್ ಮಾಲು. ಕಸೂತಿ ಇದ್ರ ಬೆನ್ನು ನೋಡ್ರಿ. ಕೈ ಕಸೂತಿಯ ಗವಂತಿ ಹೊಲಿಗಿ ಎರಡೂ ಮಗ್ಗಲಕ್ಕ ಒಂದೇ ಥರ ಇರ್ತೈತಿ, ಗಂಟು ಇರಂಗಿಲ್ಲ. ಬೆನ್ನಿಗೆ ಬಕ್ರಂ (ಗಟ್ಟಿ ಅಸ್ತರಿ ಬಟ್ಟಿ) ಚೂರು, ಬಿಳಿ ಬಾಬಿನ್ ದಾರ ಕಂಡ್ರ ಮಷೀನು. ಅಂಚಿನ್ಯಾಗ ಸೂಜಿ ತೂತು ಅದಾವು, ಹಂಗಾಗಿ ಕೈಮಗ್ಗನೇ ಅಂತಾರಲ್ಲ, ಅದನ್ನ ನಂಬಬ್ಯಾಡ್ರಿ. ಪವರ್‌ಲೂಮ್ ಬಟ್ಟಿಗೂ ತೂತು ಬೀಳ್ತಾವು.

ಸೊಪ್ಪಿನ ಅಜ್ಜಿ ಉಟ್ಟದ್ದು ಬಹುತೇಕ ಪವರ್‌ಲೂಮಿನ 9 ಗಜದ ನೌವಾರಿ, ಯಾಕಂದ್ರ ಅದನ್ನ ದಿನಾ ಒಗೀಬೇಕು. ಪ್ರದರ್ಶನದಾಕಿ ಉಟ್ಟದ್ದು ಕೈಮಗ್ಗದ್ದು. ಇಲ್ಲಾ, ಕೈಮಗ್ಗದ್ದು ಅಂತ ರೊಕ್ಕ ಕೊಟ್ಟದ್ದು.

ಹಿಂಜೆವಾಡಿ ಫೇಸ್ 3:
ಹಾಗಾದ್ರೆ ನಾನೇ ಗೆದ್ದೆನಲ್ಲ ಸರ್. ಒಂದು ಅಗ್ಗ, ಒಂದು ತುಟ್ಟಿ. ದುಡ್ಡೊಂದೇ.

ಕೊತ್ರೂಡ್ ಕನ್ನಡತಿ:
ಇಷ್ಟು ಬೇಗ ಗೆಲ್ಲಬೇಡಿ. ನಿಮ್ಮ ವಾದವನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಥಾರ್ಸ್ಟೀನ್ ವೆಬ್ಲೆನ್ 1899ರಲ್ಲೇ ನಿಮಗಿಂತ ಚೆನ್ನಾಗಿ ಮಾಡಿದ್ದಾನೆ. ಕೈಯಲ್ಲಿ ಬಡಿದ ಬೆಳ್ಳಿ ಚಮಚ, ಯಂತ್ರದಲ್ಲಿ ಒತ್ತಿದ ಅಲ್ಯೂಮಿನಿಯಂ ಚಮಚ. ಉಣ್ಣೋದಕ್ಕೆ ಎರಡೂ ಅಷ್ಟೇ. ಆದರೆ ಬೆಳ್ಳಿಯದ್ದು ನಕಲಿ ಅಂತ ಗೊತ್ತಾದರೆ ಸಾಕು, ಅದರ ಚೆಂದದಲ್ಲಿ ಬಹುಪಾಲು ಅಲ್ಲೇ ಇಳಿದುಹೋಗುತ್ತದೆ. ಚೆಂದ ಅಂದುಕೊಂಡಿದ್ದು ಬೆಲೆಯನ್ನೇ ಅನ್ನೋದು ಅವನ ತರ್ಕ.

ಇದು ಹೊಂದದ ಕಡೆಯೂ ಇದೆ. ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದ್ಯೂ 1960ರ ದಶಕದಲ್ಲಿ ಫ್ರಾನ್ಸಿನ 1,217 ಜನರನ್ನು ವಿಚಾರಿಸಿದಾಗ ಕೇಳಿದ ಪ್ರಶ್ನೆಗಳಲ್ಲಿ ಒಂದು, ಯಾವುದರ ಫೋಟೊ ಚೆಂದ ಬರುತ್ತದೆ ಅನ್ನೋದು. ಪಟ್ಟಿಯಲ್ಲಿ ಸೂರ್ಯಾಸ್ತ ಇತ್ತು, ಎಲೆಕೋಸು ಇತ್ತು, ಮರದ ತೊಗಟೆ ಇತ್ತು. ದುಡಿಯುವ ವರ್ಗದವರು ಸೂರ್ಯಾಸ್ತದ ಕಡೆ ಹೋದರು. ಹೆಚ್ಚು ಓದಿದವರು ಎಲೆಕೋಸು, ತೊಗಟೆಯೂ ಚೆಂದ ಬರುತ್ತವೆ ಅಂದರು. ಎಲೆಕೋಸಿನ ಫೋಟೊ ತೆಗೆಯಲು ಹೆಚ್ಚು ದುಡ್ಡೇನೂ ಬೇಡ. ಪಲ್ಯ ಮಾಡೋ ಪದಾರ್ಥವನ್ನು ಬರೀ ಆಕಾರವಾಗಿ ನೋಡುವ ಅಭ್ಯಾಸ ಬೇಕು. ಅದು ಮನೆಯಲ್ಲಿ, ಶಾಲೆಯಲ್ಲಿ ನಿಧಾನಕ್ಕೆ ಬರುತ್ತದೆ, ನಿನ್ನೆ ದುಡ್ಡು ಬಂದವರಿಗೆ ಇವತ್ತು ಬರೋದಿಲ್ಲ. ಇರಕಲ್ಲನ್ನು ‘ಟೆಕ್ಸ್‌ಟೈಲ್’ ಅಂತ ನೋಡೋದೂ ಅದೇ ಅಭ್ಯಾಸ. ಸೊಪ್ಪು ಮಾರುವ ಅಜ್ಜಿಗೆ ಅದು ಉಡೋ ಬಟ್ಟೆ, ಅಷ್ಟೇ.

ಮಗ್ಗದಮನಿ:
ಅಷ್ಟೇ ಅನಬ್ಯಾಡ್ರಿ ಅಕ್ಕಾರ. ಸೀರಿ ತಗೋಳಾಕ ಬಂದ ಹಳೇ ಹೆಣಮಕ್ಕಳು ಗೋಮಿ ದಡಿನೋ ಪರಾಸಪೇಟ ದಡಿನೋ ಗಾಡಿ ದಡಿನೋ ಅಂತ ಅಂಚಿನ ಹೆಸರು ಹಿಡದು ಕೇಳ್ತಾರ. ಖಣದ ಚಿತ್ತಾರದೊಳಗ ಸೂಜಿಮಲ್ಲಿಗಿ, ಕಳಾವರ, ಆನಿ ಹೆಜ್ಜಿ, ತೇರು, ಸಿದ್ಧೇಶ್ವರ ಮುಕುಟ ಇಷ್ಟೂ ಗುರ್ತು ಹಿಡೀತಾರ. ಮದುವಿಗೆ ಗಿರಿ ಕುಂಕುಮ ಬಣ್ಣನೇ ಬೇಕು, ಬರೇ ಕೆಂಪು ನಡಿಯಂಗಿಲ್ಲ. ಬೂಟೀಕಿನಾಗ ಇವೆಲ್ಲಕ್ಕೂ ಒಂದೇ ಹೆಸರು, ‘ಎಥ್ನಿಕ್ ಬಾರ್ಡರ್’. ಗೊತ್ತಿದ್ದಾಕಿಗೆ ರುಚಿ ಇಲ್ಲ, ಗೊತ್ತಿಲ್ಲದಾಕಿಗೆ ಐತಿ ಅಂದ್ರ ಹೆಂಗ್ರಿ?

ಕೊತ್ರೂಡ್ ಕನ್ನಡತಿ:
ಈ ಮಾತು ಒಪ್ಪಬೇಕಾದ್ದೇ. ಅಜ್ಜಿಗೆ ಇರೋದು ತಿಳಿವಳಿಕೆ, ಆದರೆ ಅದಕ್ಕೆ ಮಾರುಕಟ್ಟೆಯಲ್ಲಿ ಬೆಲೆ ಇಲ್ಲ. ಯಾರ ತಿಳಿವಳಿಕೆಗೆ ‘ಅಭಿರುಚಿ’ ಅಂತ ಹೆಸರು ಸಿಗುತ್ತದೆ ಅನ್ನೋದೇ ಅಂತಸ್ತಿನ ಪ್ರಶ್ನೆ.

ತವರ-ತಾಮ್ರ:
ನೀವೆಲ್ಲ ಕೊಳ್ಳೋ ಗಳಿಗೆಯನ್ನಷ್ಟೇ ನೋಡ್ತಿದ್ದೀರಿ. ಕೊಂಡ ಮೇಲೆ ಅದನ್ನು ಸುಸ್ಥಿತಿಯಲ್ಲಿ ಇಡೋರು ಯಾರು ಅಂತ ಕೇಳಿ, ಅಂತಸ್ತು ಅಲ್ಲಿ ಕಾಣುತ್ತದೆ. ಪುಣೆಯ ಕಸಬಾ ಪೇಠಿನಲ್ಲಿರೋ ತಾಮ್ರ ಬಡಿಯೋರ ಓಣಿ ತಾಂಬಟ್ ಆಳಿಯಲ್ಲಿ ಬಡಿದ ತಾಮ್ರದ ಪಾತ್ರೆ ತಂದಿರಿ ಅನ್ನಿ. ಮೈತುಂಬ ಇರುವ ಸುತ್ತಿಗೆ ಗುಳಿ ಬರೀ ಅಲಂಕಾರ ಅಲ್ಲ. ಏಟು ಬಿದ್ದಷ್ಟೂ ತಾಮ್ರ ಗಡಸಾಗುತ್ತದೆ, ತಗಡು ಸುಲಭಕ್ಕೆ ನೆಗ್ಗುವುದಿಲ್ಲ. ಆದರೆ ಅದರಲ್ಲಿ ಅಡುಗೆ ಮಾಡಲು ಒಳಗೆ ಕಲಾಯಿ, ಅಂದರೆ ತವರದ ಲೇಪ, ಬೇಕೇ ಬೇಕು. ಮಜ್ಜಿಗೆ, ಹುಣಸೆ, ಟೊಮೆಟೊ ಬರಿತಾಮ್ರವನ್ನು ಕರಗಿಸಿಕೊಳ್ಳುತ್ತವೆ. ಉಂಡವರಿಗೆ ವಾಕರಿಕೆ, ಹೊಟ್ಟೆನೋವು.

ಕಲಾಯಿ ಹಾಕೋದು ಹೀಗೆ. ಮೊದಲು ಒಳಮೈ ತಿಕ್ಕಿ ಹಳೆ ಕಿಲುಬು, ಎಣ್ಣೆ ಪೂರ್ತಿ ತೆಗೀಬೇಕು. ಎಣ್ಣೆ ಉಳಿದ ಕಡೆ ತವರ ಹಿಡಿಯೋದಿಲ್ಲ, ಕಪ್ಪು ತೇಪೆ ಉಳಿಯುತ್ತದೆ. ಒಲೆಯ ಮೇಲೆ ತಿರುಗಿಸುತ್ತ ಎಲ್ಲ ಕಡೆ ಸಮನಾಗಿ ಕಾಯಿಸಿ, ನವಸಾಗರದ (ಅಮೋನಿಯಂ ಕ್ಲೋರೈಡ್) ಪುಡಿ ಉದುರಿಸಿ, ಬಿಳಿ ಹೊಗೆ ಎದ್ದ ಕೂಡಲೆ ತವರದ ಕಡ್ಡಿ ಮುಟ್ಟಿಸಿ ಹತ್ತಿ ಉಂಡೆಯಿಂದ ಒಂದೇ ಸಮನೆ ಸವರಬೇಕು. ಆಮೇಲೆ ತಣ್ಣೀರು. ಮೋಸ ಆಗೋದು ಕಡ್ಡಿಯಲ್ಲಿ. ಶುದ್ಧ ತವರ ಕರಗಲು 232 ಡಿಗ್ರಿ ಬೇಕು. ಸೀಸ ಬೆರೆಸಿದ ಬೆಸುಗೆ ಕಡ್ಡಿ 183ಕ್ಕೇ ಕರಗಲು ತೊಡಗುತ್ತದೆ, ಕೆಲಸ ಬೇಗ, ಖರ್ಚು ಕಮ್ಮಿ, ಆದರೆ ಸೀಸ ಊಟಕ್ಕೆ ಸೇರುತ್ತದೆ. ಕಡ್ಡಿಯನ್ನು ಕಿವಿ ಹತ್ತಿರ ಹಿಡಿದು ಬಗ್ಗಿಸಿ ತೋರಿಸಲು ಹೇಳಿ. ಶುದ್ಧ ತವರ ಚರಚರ ಅನ್ನುತ್ತದೆ, ಸೀಸ ಬೆರೆತಷ್ಟೂ ಆ ಸದ್ದು ಕುಗ್ಗುತ್ತದೆ. ಮನೆಯಲ್ಲಿ ಖಾಲಿ ಪಾತ್ರೆ ದೊಡ್ಡ ಉರಿಗೆ ಇಟ್ಟರೆ, ಸ್ಟೀಲ್ ನಾರಿನಿಂದ ತಿಕ್ಕಿದರೆ ಕಲಾಯಿ ಹೋಯಿತು ಅಂತಲೇ ಲೆಕ್ಕ.

ಈಗ ಹೇಳಿ, ಹೊರಮೈಗೆ ಹುಣಸೆ-ಉಪ್ಪು ಹಚ್ಚಿ ತಿಕ್ಕೋರು ಯಾರು? ಭಾಂಡಿಗೆ, ಅಂದರೆ ಪಾತ್ರೆ ತೊಳೆಯೋಕೆ, ಬರೋ ಮಾವಶಿ. ತಾಮ್ರ-ಹಿತ್ತಾಳೆ ಇದ್ದರೆ ಬೇರೆ ರೇಟು ಕೇಳುವವರಿದ್ದಾರೆ, ಕೇಳಬೇಕಾದ್ದೇ. ಅವರ ಮನೆಯಲ್ಲಿ ಮಾತ್ರ ಸ್ಟೀಲು. ಅದನ್ನು ‘ರುಚಿ ಇಲ್ಲ’ ಅಂತ ಓದೋದು ಶುದ್ಧ ಮೂರ್ಖತನ.

ಗಲ್ಲಾಪೆಟ್ಟಿಗೆ:
ಸ್ಟೀಲನ್ನು ಹಾಗೆ ಒಂದೇ ಮಾತಲ್ಲಿ ಮುಗಿಸಬೇಡಿ ಮಾರಾಯ್ರೆ, ಅದರಲ್ಲೂ ಮೇಲು ಕೀಳು ಉಂಟು. 304 ಗ್ರೇಡ್ ಅಂದರೆ ಸುಮಾರು 18% ಕ್ರೋಮಿಯಂ, 8% ನಿಕೆಲ್. 202ರಲ್ಲಿ ನಿಕೆಲ್ ಕಡಿಮೆ ಮಾಡಿ ಮ್ಯಾಂಗನೀಸ್ ಹಾಕಿರ್ತಾರೆ. ಉಪ್ಪು-ಹುಳಿ ನಿಂತರೆ ಬೇಗ ಚುಕ್ಕೆ ಬೀಳ್ತದೆ. ‘ಅಯಸ್ಕಾಂತ ಹಿಡಿಯುವುದಿಲ್ಲ, ಹಾಗಾಗಿ 304’ ಅಂತ ಅಂಗಡಿಯವ ಹೇಳಿದರೆ ತಲೆ ಆಡಿಸಬೇಡಿ. 202ಕ್ಕೂ ಹಿಡಿಯುವುದಿಲ್ಲ. ಒತ್ತಿ ಎಳೆದ ಅಂಚಿನಲ್ಲಿ 304ಕ್ಕೂ ಸ್ವಲ್ಪ ಹಿಡಿಯುವುದುಂಟು. ಬಿಲ್ಲಿನಲ್ಲಿ ಗ್ರೇಡ್ ಬರೆಸಿಕೊಳ್ಳಿ.

ಉಡುಪಿ ಹೋಟೆಲಿನವ ಸ್ಟೀಲ್ ಲೋಟ ಇಡುವುದು ದಿನವಿಡೀ ತೊಳೆದರೂ ಬಿದ್ದರೂ ಅದು ತಡೀತದೆ ಅಂತ. ಅದೇ ಕಾಫಿ ಹಿತ್ತಾಳೆ ಲೋಟಕ್ಕೆ ಹೋದ ಕೂಡಲೆ ರೇಟು ಮೇಲೆ. ಕುಡಿಯುವವರು ಒಳಗೆ ಕಲಾಯಿ ಉಂಟಾ ಅಂತ ನೋಡುವುದೂ ಇಲ್ಲ.

ಹಿಂಜೆವಾಡಿ ಫೇಸ್ 3:
ಪೀಠೋಪಕರಣಕ್ಕೆ ಈ ‘ತಿಕ್ಕೋರು ಯಾರು’ ಸೂತ್ರ ಹೊಂದೋದಿಲ್ಲ. ಸಾಗುವಾನಿ ಕುರ್ಚಿಯನ್ನು ಯಾರೂ ತಿಕ್ಕಬೇಕಿಲ್ಲ.

ಪೇಠಿನ ಬಡಿಗ:
ತಿಕ್ಕಬೇಕಿಲ್ಲ, ಹೊರಬೇಕು. ಇಲ್ಲಿ ಬಾಡಿಗೆ ಕರಾರು 11 ತಿಂಗಳದ್ದು. ಮೂರು ವರ್ಷಕ್ಕೆ ಎರಡು ಮನೆ ಬದಲಿಸೋರು ಸಾಗುವಾನಿ ಮಂಚ ಯಾಕೆ ತಗೋತಾರೆ? ಪಾರ್ಟಿಕಲ್ ಬೋರ್ಡ್ ತಗೋತಾರೆ. ಅದು ಬರೀ ಮರದ ಪುಡಿ ಮತ್ತು ಅಂಟು. ಒಮ್ಮೆ ಬಿಚ್ಚಿ ಕಟ್ಟಿದರೆ ಸ್ಕ್ರೂ ತೂತು ಸಡಿಲ, ಎರಡನೇ ಸಲ ಪುಡಿ ಉದುರುತ್ತದೆ. ನೆಲ ಒರೆಸಿದ ನೀರು ಕೆಳ ಅಂಚಿನ ಪಟ್ಟಿಯ ಸಂದಿಯಿಂದ ಹೋಗಿ ಊದಿಕೊಳ್ಳುತ್ತದೆ. ಊದಿದ್ದು ಒಣಗಿದರೂ ಇಳಿಯೋದಿಲ್ಲ. ಹಾಗಾಗಿ ಬಾಡಿಗೆಯವರು ಮತ್ತೆ ಮತ್ತೆ ಕೊಳ್ಳುತ್ತಾರೆ, ಸ್ವಂತ ಫ್ಲ್ಯಾಟಿನವರು ಒಮ್ಮೆ ಕೊಂಡು ‘ನಮಗೆ ಹಳೇ ಮರ ಇಷ್ಟ’ ಅಂತಾರೆ.

ಹಳೇ ಮರ ಬೇಕಾದವರು ಬುಧವಾರ, ಭಾನುವಾರ ಇಲ್ಲಿನ ಹಳೇ ಸಾಮಾನಿನ ಸಂತೆ ಜುನಾ ಬಜಾರಿಗೆ ಹೋಗಿ. ಬಣ್ಣ ನೋಡಬೇಡಿ, ಬಣ್ಣ ಬಳಿದದ್ದು. ಹಲಗೆಯ ಮೇಲ್ಮೈ ಗೆರೆ ತುದಿಯ ಕೊರೆತದಲ್ಲೂ ಮುಂದುವರಿದಿದೆಯಾ ನೋಡಿ. ತುದಿಯಲ್ಲಿ ತೆಳು ಪದರ, ಕೆಳಗೆ ಬೇರೆ ಬಣ್ಣ ಕಂಡರೆ ವಿನಿಯರ್. ಬೆತ್ತದ ಸೀಟು ಹರಿದಿದ್ದರೆ ಚಿಂತೆಯಿಲ್ಲ, ಹೊಸದಾಗಿ ಹೆಣೆಸಬಹುದು. ಹಿಂಗಾಲು ಸೀಟಿಗೆ ಸೇರುವ ಬೆಸೆ ಅಲುಗಾಡುತ್ತಿದ್ದು, ಯಾರೋ ಮೊಳೆ ಹೊಡೆದಿದ್ದರೆ ಬಿಡಿ. ಮೊಳೆ ಬಿದ್ದ ಕಡೆ ಮರ ಸೀಳಿರುತ್ತದೆ.

ಕೊತ್ರೂಡ್ ಕನ್ನಡತಿ:
ಜಾತಿಯನ್ನು ಯಾರೂ ಎತ್ತಲಿಲ್ಲ. ಮಡಿ ಅಡುಗೆಮನೆಯಲ್ಲಿ ಲೋಹದ ಪಾತ್ರೆ ತೊಳೆದರೆ ಶುದ್ಧ, ಮಣ್ಣಿನದು ಮೈಲಿಗೆಯಾದರೆ ಎಸೆಯಬೇಕು. ತಾಮ್ರದ ಗೌರವ ಅಲ್ಲಿಂದಲೂ ಬಂದದ್ದು. ಮೈಸೂರಿನ ಎಂ.ಎನ್. ಶ್ರೀನಿವಾಸ್ ಸಂಸ್ಕೃತೀಕರಣ ಅಂತ ಕರೆದದ್ದು ಮೇಲಿನವರ ಪದ್ಧತಿಯನ್ನು ಕೆಳಗಿನವರು ಎತ್ತಿಕೊಳ್ಳೋದನ್ನು. ಈಗ ಸೀರೆ, ಖಣ, ಮಣ್ಣಿನ ಗಡಿಗೆ ವಿಷಯದಲ್ಲಿ ಸಾಮಾನು ಕೆಳಗಿನಿಂದ ಮೇಲೆ ಹೋಗ್ತಿದೆ, ಆದರೆ ಅದರ ಜೊತೆ ಮನುಷ್ಯರು ಹೋಗ್ತಿಲ್ಲ.

ಹಿಂಜೆವಾಡಿ ಫೇಸ್ 3:
ಮಾವಶಿ ಇಡೋಕೂ ದುಡ್ಡು, ಸ್ವಂತ ಫ್ಲ್ಯಾಟಿಗೂ ದುಡ್ಡು. ನನ್ನ ವಾದ ನಾನು ಬಿಡೋದಿಲ್ಲ. ಅದಿರಲಿ, ಮಗ್ಗದಮನಿ ಸರ್, ಕೈಮಗ್ಗದ ಇಳಕಲ್ ಒಗೆಯೋದು ಹೇಗೆ? ಡ್ರೈಕ್ಲೀನ್ ಕಡ್ಡಾಯವಾ?

ಮಗ್ಗದಮನಿ:
ಒಡಲು ಹತ್ತಿದಿದ್ರ ಕಡ್ಡಾಯ ಅಲ್ಲ. ಆದ್ರ ಸೆರಗು ರೇಷ್ಮಿದೋ ಆರ್ಟ್ ಸಿಲ್ಕಿಂದೋ (ಕೃತಕ ರೇಷ್ಮಿ) ಕೇಳಿ ತಗೋರಿ. ಕೇಳಿದ್ರೂ ನಂಬಿಕಿ ಬರಲಿಲ್ಲಂದ್ರ ಗೊಂಡ್ಯಾದಾಗಿನ ಒಂದೆಳಿ ಸುಡ್ರಿ. ರೇಷ್ಮಿ ಆದ್ರ ಕೂದಲ ಸುಟ್ಟ ವಾಸನಿ, ಬೂದಿ ಬೆರಳಾಗ ಪುಡಿ ಆಗ್ತೈತಿ. ಪಾಲಿಸ್ಟರ್ ಆದ್ರ ಕರಗಿ ಗಟ್ಟಿ ಗುಂಡು. ಕಾಗದ ಸುಟ್ಟ ವಾಸನಿ ಬಂದ್ರ ರೇಯಾನ್.

ಮೊದಲ ಎರಡ್ಮೂರು ಸಲ ಒಂದನ್ನೇ ಬ್ಯಾರೆ ಒಗೀರಿ. ತಣ್ಣೀರು, ನೆನಿ ಇಡೋದು ಬ್ಯಾಡ, ಸೆರಗಿನ ಕೆಂಪು ಒಡಲಿಗೆ ಹತ್ತತೈತಿ. ಎಂಜೈಮ್ ಇರೋ ಬಟ್ಟಿ ಪುಡಿ ಹಾಕಬ್ಯಾಡ್ರಿ, ಅದು ಪ್ರೋಟೀನ್ ತಿನ್ನೋದು, ರೇಷ್ಮಿನೂ ಪ್ರೋಟೀನೇ. ಹಿಂಡಬ್ಯಾಡ್ರಿ, ನೆರಳಾಗ ಒಣಗಸ್ರಿ, ಟೋಪ್ ತೆನಿ ಕೂಡಿದ ಗೆರಿ ಮ್ಯಾಲ ಭಾರ ಬೀಳದಂಗ ಹಗ್ಗಕ್ಕ ಒಡಲಿನ ನಡುಭಾಗ ಹಾಕ್ರಿ. ಇಸ್ತ್ರಿ ಹಿಂದಿನ ಮಗ್ಗಲಿಂದ, ಸೆರಗಿಗೆ ಶಾಖ ಕಡಿಮಿ. ಮಾವಶಿ ಕೈಯಾಗ ಕೊಡೋದಿದ್ರ ಇದನ್ನೆಲ್ಲ ಮೊದಲ ಹೇಳಿ ಕೊಡ್ರಿ, ಬಣ್ಣ ಹತ್ತಿದ ಮ್ಯಾಲ ಆಕೀನ್ನ ಬೈಬ್ಯಾಡ್ರಿ.